ರೊಟ್ಟಿಯ ಮೇಲೊಂದು ಮೊಕದ್ದಮೆ

ಕಲಬುರಗಿಯಲ್ಲಿ ಕಡಿಮೆ ಉಂಡು ಎದ್ದವನ ಬಗ್ಗೆ ಜನರು ಎರಡೇ ತೀರ್ಮಾನಕ್ಕೆ ಬರುತ್ತಾರೆ: ಒಂದೋ ಅವನಿಗೆ ಆರಾಮಿಲ್ಲ, ಇಲ್ಲವೇ ಅವನು ಮನೆಯವರ ಮೇಲೆ ಸಿಟ್ಟಾಗಿದ್ದಾನೆ. ಮೂರನೆಯ ಕಾರಣವೂ ಇರಬಹುದೆಂದು ನಮ್ಮ ಗುಂಪಿನ ವಕೀಲರು ಅಪ್ಪನ ಕೆರೆಯ ದಂಡೆಯಲ್ಲಿ ಸಾರಿದಾಗ, ಜತೆಗಿದ್ದ ದಾಲ್‌ಮಿಲ್ಲಿನ ಸಾಹುಕಾರರು ಬಾಯಿಗಿಟ್ಟ ಶೇಂಗಾಕಾಳನ್ನು ಅಗಿಯುವುದನ್ನೇ ಮರೆತರು.

“ಮಧ್ಯಾಹ್ನ ಮೂರು ಗಂಟೆಗೆ ಕಕ್ಷಿದಾರನ ಪರವಾಗಿ ವಾದಿಸುತ್ತಿರುವವನು ನಾನೋ ನಾನು ಉಂಡ ಅನ್ನವೋ ಎಂಬುದು ನ್ಯಾಯಾಧೀಶರಿಗಿರಲಿ, ನನಗೇ ತಿಳಿಯುತ್ತಿಲ್ಲ. ಆದ್ದರಿಂದ ನಾಳೆಯಿಂದ ರೊಟ್ಟಿ, ಅನ್ನ, ಸಕ್ಕರೆ ಮೂರೂ ಬಂದ್. ಬಾದಾಮಿ, ಪನೀರು, ಬೆಣ್ಣೆಹಣ್ಣುಗಳಲ್ಲೇ ದಿನ ತೆಗೆಯುತ್ತೇನೆ,” ಎಂದರು ವಕೀಲರು.

“ಜೋಳದ ರೊಟ್ಟಿ ಬಿಟ್ಟರೆ ನೀವು ಕಲ್ಯಾಣ ಕರ್ನಾಟಕದವರೆಂಬ 371(ಜೆ) ಪ್ರಮಾಣಪತ್ರವನ್ನು ರದ್ದು ಮಾಡಬೇಕಾಗುತ್ತದೆ,” ಎಂದು ಸಾಹುಕಾರರು ಎಚ್ಚರಿಸಿದರು.

ಇತಿಹಾಸದ ಮಾಸ್ತರರಿಗೆ ಇಂಥ ಸಂದರ್ಭಗಳಲ್ಲಿ ಸುಮ್ಮನಿರಲು ಬರುವುದಿಲ್ಲ. ಹಿಟ್ಟಿನ ಪದಾರ್ಥ ಬಿಡುವ ಈ ಉಪಾಯವನ್ನು ಜನಪ್ರಿಯಗೊಳಿಸಿದವನು ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂದೂ, ವೈದ್ಯರ ಮಾತು ಕೇಳಿ ಬ್ರೆಡ್ಡು, ಸಕ್ಕರೆ, ಬಟಾಟೆ, ಬಿಯರುಗಳನ್ನು ಬಿಟ್ಟು ಸಣ್ಣಗಾದ ಆತ 1863ರಲ್ಲಿ ಆ ಕಥೆಯನ್ನು ಕಿರುಹೊತ್ತಿಗೆಯಾಗಿ ಅಚ್ಚು ಹಾಕಿಸಿದನೆಂದೂ, ಆತನ ವೃತ್ತಿ ಮಾತ್ರ ಶವಸಂಸ್ಕಾರದ ವ್ಯವಸ್ಥೆ ಮಾಡುವುದಾಗಿತ್ತೆಂದೂ ಅವರು ವಿವರಿಸಿದರು.

“ಅಂದರೆ ತನ್ನ ಗಿರಾಕಿಗಳನ್ನು ತಾನೇ ಕಡಿಮೆ ಮಾಡಿಕೊಂಡನೇ? ಇಷ್ಟು ನಷ್ಟದ ವ್ಯಾಪಾರವನ್ನು ನಾನು ಅಡತಿ ಬಜಾರದಲ್ಲಿಯೂ ಕಂಡಿಲ್ಲ,” ಎಂದು ಸಾಹುಕಾರರು ಮರುಗಿದರು.

ಅಷ್ಟರಲ್ಲಿ ಕೆರೆಗೆ ಸುತ್ತು ಹಾಕಿ ಬಂದ ವಿಜ್ಞಾನದ ಅಕ್ಕೋರು ಲೆಕ್ಕವನ್ನು ಕೈಗೆತ್ತಿಕೊಂಡರು. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಅಷ್ಟೇ ನಾರು ಇದ್ದು, ಪಾಲಿಷ್ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲದಿರುವುದರಿಂದ ಅಕ್ಕಿಗಿಂತ ಜೋಳವೇ ಮೇಲೆಂದು ಅವರು ಹೇಳಿದಾಗ ಸಾಹುಕಾರರು ಎದೆಯುಬ್ಬಿಸಿದರು. ಆದರೆ ಅದೇ ಜೋಳದಲ್ಲಿ ಕಾರ್ಬೋಹೈಡ್ರೇಟು, ಅಂದರೆ ವಕೀಲರು ಬಿಡಹೊರಟ ಹಿಟ್ಟು-ಸಕ್ಕರೆಯ ಅಂಶ, 68 ಗ್ರಾಮಿನಷ್ಟಿದೆ ಎಂಬ ಮಾತಿಗೆ ಉಬ್ಬಿದ ಎದೆ ಇಳಿಯಿತು. ಅವರು ಕೂಡಲೇ ತೊಗರಿಯ ಮೊರೆ ಹೊಕ್ಕು, 2019ರಲ್ಲಿ ನಮ್ಮ ಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿರುವುದನ್ನು ನೆನಪಿಸಿದರು. ಅಕ್ಕೋರು ಮಾನ್ಯತೆಯನ್ನು ಒಪ್ಪಿದರು, 22 ಗ್ರಾಂ ಪ್ರೋಟೀನನ್ನೂ ಒಪ್ಪಿದರು, ಅದರ ಬೆನ್ನಿಗೇ ಅದೇ ಬೇಳೆಯಲ್ಲಿ 55 ಗ್ರಾಂ ಕಾರ್ಬೋಹೈಡ್ರೇಟು ಇರುವುದನ್ನೂ ಹೇಳಿದರು. ತೂಕದ ಕಟ್ಟೆಯ ಮೇಲೆ ತನ್ನ ಚೀಲವೇ ಕಡಿಮೆ ಬಂದಂತೆ ಸಾಹುಕಾರರು ಮೌನವಾದರು.

“ಹಾಗಾದರೆ ಉಣ್ಣುವುದೇನನ್ನು?” ಎಂದರು ವಕೀಲರು.

“ಇವೇ ಪದಾರ್ಥಗಳನ್ನೇ ಉಣ್ಣಿರಿ, ತಾಟನ್ನು ಮಾತ್ರ ತಿರುವುಮುರುವು ಮಾಡಿರಿ,” ಎಂದರು ಅಕ್ಕೋರು.

ಅವರ ವಾದ ನನಗೆ ಸರಿಯೆನಿಸಿತು. ನಮ್ಮ ತಾಟಿನಲ್ಲಿ ರೊಟ್ಟಿ ಯಜಮಾನನಾದರೆ ಪಲ್ಯ ಕೇವಲ ಹಾಜರಾತಿಗೆ ಬಂದ ಗುಮಾಸ್ತ; ರೊಟ್ಟಿಯ ಮೇಲೆ ಸಾರನ್ನ, ಸಾರನ್ನದ ಮೇಲೆ ಮಜ್ಜಿಗೆ ಅನ್ನ ಬೀಳದ ಹೊರತು ಉಂಡಂತೆಯೇ ಅಲ್ಲ. ಧಾನ್ಯ, ಸಿರಿಧಾನ್ಯಗಳಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇ 45ನ್ನು ಮೀರದಿರಲಿ ಎಂದು ನೆರೆಯ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ನಮ್ಮ ಸಾಹುಕಾರರ ಮಟ್ಟಿಗೆ ಅದು ಮುಂಜಾನೆಯ ನಾಷ್ಟಾಕ್ಕೇ ಮುಗಿದುಹೋಗುತ್ತದೆ. ಅಕ್ಕೋರ ತಾಟಿನಲ್ಲಾದರೋ ರೊಟ್ಟಿ ಒಂದೇ. ಅದರ ಸುತ್ತ ಬಟ್ಟಲು ತುಂಬ ಪುಂಡಿಪಲ್ಯ ಅಥವಾ ಮೆಂತ್ಯೆಪಲ್ಯ, ಮೊಳಕೆ ಬಂದ ಹೆಸರುಕಾಳು, ಸೌತೆ, ಹಸಿ ಉಳ್ಳಾಗಡ್ಡಿ, ಮೊಸರು ಬೆರೆಸಿದ ಅಗಸಿ ಹಿಂಡಿ, ಬೇಕೆಂದವರಿಗೆ ಮೊಟ್ಟೆ. ಪಲ್ಯ, ಕಾಳುಗಳನ್ನು ಮೊದಲು ಉಂಡು ರೊಟ್ಟಿಯನ್ನು ಕೊನೆಗೆ ಮುರಿದರೆ ರಕ್ತದಲ್ಲಿ ಸಕ್ಕರೆ ನಿಧಾನವಾಗಿ ಏರುತ್ತದೆ, ಏಕೆಂದರೆ ನಾರು, ಪ್ರೋಟೀನು, ಕೊಬ್ಬುಗಳು ಹೊಟ್ಟೆಯಿಂದ ಅನ್ನ ಮುಂದೆ ಸಾಗುವ ವೇಗವನ್ನು ತಗ್ಗಿಸುತ್ತವೆ. ಸಕ್ಕರೆ ಒಮ್ಮೆಲೇ ಏರಿ ಒಮ್ಮೆಲೇ ಇಳಿದಾಗ ತೂಕಡಿಕೆ ಮತ್ತು ಮರುಹಸಿವು ಬೇಗ ಬರುತ್ತವೆಂದೂ, ವಕೀಲರ ಮೂರು ಗಂಟೆಯ ಸಂಕಟಕ್ಕೆ ಅಲ್ಲಿಯೇ ಉತ್ತರವಿರಬಹುದೆಂದೂ ಅಕ್ಕೋರ ಅಂಬೋಣ.

“ಸಣ್ಣ ಊಟವೆಂದರೆ ದಿನಕ್ಕೆ ಆರು ಸಲವಲ್ಲವೇ? ಅದಕ್ಕೆ ನಾನು ಈಗಲೇ ಸಹಿ ಹಾಕುತ್ತೇನೆ,” ಎಂದು ಸಾಹುಕಾರರು ಚೇತರಿಸಿಕೊಂಡರು. ಸಲಗಳು ಹೆಚ್ಚಿದ ಮಾತ್ರಕ್ಕೆ ಮೈ ಹಗುರಾಗುವುದಿಲ್ಲ, ನಡುವೆ ನುಸುಳುವ ಮಿರ್ಚಿ ಭಜಿ, ಸೂಸಲಾಗಳಿಗೂ ಲೆಕ್ಕವಿದೆ ಎಂಬ ಉತ್ತರ ಕೇಳಿ ಅವರು ಸಹಿಯನ್ನು ಹಿಂತೆಗೆದುಕೊಂಡರು.

ಅಕ್ಕೋರು ಗಂಭೀರವಾಗಿ ಹೇಳಿದ ಮಾತೊಂದಿತ್ತು. ಇನ್ಸುಲಿನ್ ಅಥವಾ ಕೆಲವು ಬಗೆಯ ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಳ್ಳುವವರು ರೊಟ್ಟಿ, ಅನ್ನವನ್ನು ಏಕಾಏಕಿ ಬಿಟ್ಟರೆ ರಕ್ತದ ಸಕ್ಕರೆ ಅಪಾಯಕ್ಕೆ ಕುಸಿಯಬಹುದಾದ್ದರಿಂದ, ಅಂಥವರು ಮೊದಲು ವೈದ್ಯರನ್ನು ಕಂಡು ಔಷಧಿಯ ಪ್ರಮಾಣವನ್ನು ಕೇಳಬೇಕು. ಇನ್ನು ಮೊದಲ ವಾರ ಇಳಿಯುವ ತೂಕ ಬಹುಪಾಲು ನೀರು. ಗ್ಲೈಕೋಜನ್ ಎಂದರೆ ದೇಹ ಕೂಡಿಟ್ಟ ಸಕ್ಕರೆಯ ದಾಸ್ತಾನು; ಅದು ಒಂದು ಗ್ರಾಂ ಕರಗಿದರೆ ಜತೆಗೆ ಸುಮಾರು ಮೂರು ಗ್ರಾಂ ನೀರೂ ಹೊರಟುಹೋಗುತ್ತದೆ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಇದನ್ನು ಮರೆತು ಕಾಟಾ ನೋಡಿ ಕುಣಿಯುವುದು ಬೇಡ.

ನನ್ನ ಮಟ್ಟಿಗೆ ನಿಜವಾದ ಅಡ್ಡಿ ಜೋಳವೂ ಅಲ್ಲ, ತೊಗರಿಯೂ ಅಲ್ಲ, ಬಡಿಸುವ ಕೈ. ಬೀಗರ ಮನೆಯಲ್ಲಿ “ಸಾಕು” ಎಂಬುದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅದರಲ್ಲೂ ಕಡಕ್ ರೊಟ್ಟಿ ಮಹಾ ಮೋಸಗಾರ, “ಅರ್ಧ ಹಾಕಿಸಿಕೊಳ್ಳಿರಿ” ಎಂದು ಮುರಿದು ಹಾಕಿದ ಅರ್ಧಗಳನ್ನು ಭೂಮಿಯ ಮೇಲೆ ಇದುವರೆಗೆ ಯಾರೂ ಕೂಡಿಸಿ ನೋಡಿಲ್ಲ. ವಕೀಲರು ಇದನ್ನು ಒಪ್ಪಿ, ಎಳ್ಳು ಅಮಾವಾಸ್ಯೆಯ ಮಟ್ಟಿಗಾದರೂ ಆದೇಶಕ್ಕೆ ತಡೆಯಾಜ್ಞೆ ಬೇಕೆಂದು ಅಕ್ಕೋರಲ್ಲಿ ವಿನಂತಿಸಿದರು.

“ಅಂದಿನ ಭಜ್ಜಿಯಲ್ಲಿ ಸೊಪ್ಪು, ಕಾಳು, ಕಾಯಿಪಲ್ಲೆ ಎಲ್ಲ ಇರುವುದರಿಂದ ಅದು ನನ್ನದೇ ತಾಟು, ಧಾರಾಳವಾಗಿ ಉಣ್ಣಿರಿ. ತಕರಾರು ಇರುವುದು ಶೇಂಗಾ ಹೋಳಿಗೆಯ ಮೇಲೆ ಮಾತ್ರ,” ಎಂದರು ಅಕ್ಕೋರು.

“ಶೇಂಗಾದಲ್ಲಿ ನೂರಕ್ಕೆ 24 ಗ್ರಾಂ ಪ್ರೋಟೀನು ಇದೆ ಅಂತೀರಿ. ಅಂದ ಮೇಲೆ ಹೋಳಿಗೆಯೂ ಪ್ರೋಟೀನೇ ಆಯಿತಲ್ಲ!” ಎಂದು ಸಾಹುಕಾರರು ವಕೀಲರಿಗಿಂತ ಮೊದಲೇ ವಾದಕ್ಕೆ ನಿಂತರು.

“ಮತ್ತೆ ಅದರಲ್ಲಿರುವ ಬೆಲ್ಲ?”

“ಬೆಲ್ಲದ ವಿಚಾರಣೆಯನ್ನು ಮುಂದಿನ ತಾರೀಖಿಗೆ ಹಾಕಿರಿ.”