ಭೌತಶಾಸ್ತ್ರದ ಮೇಡಂಗೆ ಕೇಳಿ: ಈ ವಾರ ಕ್ವಾಂಟಂ

ಅಡ್ಮಿನ್: ಮೇಡಂ ಇವತ್ತು ಸಂಜೆವರೆಗೆ ಗುಂಪಿನಲ್ಲಿರುತ್ತಾರೆ. ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವರು. ನ್ಯೂಟನ್‌ನಿಂದ ಕ್ವಾಂಟಂವರೆಗೆ (ಪರಮಾಣುವಿನಷ್ಟು ಚಿಕ್ಕ ವಸ್ತುಗಳ ಭೌತಶಾಸ್ತ್ರ) ಏನು ಬೇಕಾದರೂ ಕೇಳಿ. ಫಾರ್ವರ್ಡ್ ಮಾತ್ರ ಬೇಡ, ಪ್ಲೀಸ್.

ಬ್ಯಾಂಕ್ ರಿಟೈರ್ಡ್: ನಮಸ್ಕಾರ ಮೇಡಂ. ಕ್ವಾಂಟಂ ಬಂದ ಮೇಲೆ ನ್ಯೂಟನ್ ಹೇಳಿದ್ದು ತಪ್ಪು ಅಂತ ಆಯ್ತಲ್ವಾ?

ಮೇಡಂ: ನಮಸ್ಕಾರ. ಇಲ್ಲ. ಕ್ವಾಂಟಂ ಪ್ರಕಾರ ಚಲಿಸುವ ಎಲ್ಲಕ್ಕೂ ಒಂದು ಅಲೆ ಇದೆ, ಆ ಅಲೆಯ ಉದ್ದವೇ ಡಿ ಬ್ರಾಗ್ಲಿ ತರಂಗದೂರ. 160 ಗ್ರಾಂ ಕ್ರಿಕೆಟ್ ಚೆಂಡು ಸೆಕೆಂಡಿಗೆ 40 ಮೀಟರ್ ವೇಗದಲ್ಲಿ ಹೋದರೆ ಅದರ ಡಿ ಬ್ರಾಗ್ಲಿ ತರಂಗದೂರ 10ರ ಘಾತ ಮೈನಸ್ 34 ಮೀಟರ್ ಹತ್ತಿರ. ಪರಮಾಣುವಿನ ಗಾತ್ರವೇ 10ರ ಘಾತ ಮೈನಸ್ 10. ಚೆಂಡಿನ ಅಲೆ ಯಾವ ಉಪಕರಣಕ್ಕೂ ಸಿಗುವುದಿಲ್ಲ, ಅಲ್ಲಿ ನ್ಯೂಟನ್ ಸಾಕು.

ಸೆಕೆಂಡ್ ಪಿಯು ಪಿಸಿಎಂಬಿ: ಮೇಡಂ, ಎಲೆಕ್ಟ್ರಾನ್‌ಗಳನ್ನು ಎರಡು ಸೀಳಿನ ಮೂಲಕ ಒಂದೊಂದಾಗಿ ಬಿಟ್ಟರೂ ಪರದೆ ಮೇಲೆ ಅಲೆಗಳು ಸೇರಿದ ಹಾಗೆ ಪಟ್ಟಿ ಪಟ್ಟಿ ಬರುತ್ತೆ, ನಾವು ನೋಡಿದರೆ ಪಟ್ಟಿ ಮಾಯ ಆಗುತ್ತೆ ಅಂತ ಒಂದು ವಿಡಿಯೋದಲ್ಲಿ ಹೇಳಿದರು. ನಾವು ನೋಡ್ತಿದ್ದೀವಿ ಅಂತ ಎಲೆಕ್ಟ್ರಾನ್‌ಗೆ ಹೇಗೆ ಗೊತ್ತಾಗುತ್ತೆ?

ಮೇಡಂ: ಒಳ್ಳೇ ಪ್ರಶ್ನೆ ಪುಟ್ಟಾ. ಮೊದಲ ಭಾಗ ನಿಜ. 1989ರಲ್ಲಿ ಜಪಾನಿನ ಹಿಟಾಚಿಯಲ್ಲಿ ತೊನೊಮುರಾ ತಂಡ ಮಾಡಿ ತೋರಿಸಿತು. ಎರಡು ಸೀಳಿನ ಬದಲು ಎಲೆಕ್ಟ್ರಾನ್ ಬೈಪ್ರಿಸಂ, ಅಂದರೆ ಎಲೆಕ್ಟ್ರಾನಿಗೆ ಎರಡು ದಾರಿ ಮಾಡಿಕೊಡುವ ಸಾಧನ, ಇಟ್ಟಿದ್ದರು. ಪರದೆ ಮೇಲೆ ಒಂದೊಂದೇ ಚುಕ್ಕೆ ಬೀಳುತ್ತಾ ಹೋಗುತ್ತದೆ. ಶುರುವಿನಲ್ಲಿ ಏನೂ ಅರ್ಥವಾಗುವುದಿಲ್ಲ, ಸಾವಿರಾರು ಚುಕ್ಕೆ ಸೇರಿದ ಮೇಲೆ ಪಟ್ಟಿ ಎದ್ದು ಕಾಣುತ್ತದೆ.

ಎರಡನೇ ಭಾಗದಲ್ಲಿ ಆ 'ನೋಡಿದರೆ' ಅನ್ನೋದನ್ನು ಬಿಟ್ಟುಬಿಡು. ಕಣ್ಣು, ಮನಸ್ಸು ಯಾವುದೂ ಬೇಕಿಲ್ಲ. 2004ರಲ್ಲಿ ವಿಯೆನ್ನಾದಲ್ಲಿ ಮಾಡಿದ್ದು ಕೇಳು. 70 ಕಾರ್ಬನ್ ಪರಮಾಣುಗಳ ಸಿ-70 ಅಣುಗಳಿಂದಲೂ ಇಂಥ ಪಟ್ಟಿ ಬರುತ್ತದೆ. ಅವರು ಆ ಅಣುಗಳನ್ನು ದಾರಿಯಲ್ಲೇ ಲೇಸರ್‌ನಿಂದ ಕಾಯಿಸಿದರು. ಕಾದ ಅಣು ಕಾದ ಕಬ್ಬಿಣದ ಹಾಗೆ ಬೆಳಕು ಸೂಸುತ್ತದೆ. ಆ ಬೆಳಕಿನ ಕಣ ಹೊರಗೆ ಹೋಗುವಾಗ ಅಣು ಎಲ್ಲಿತ್ತು ಅನ್ನೋ ಗುರುತನ್ನೂ ಜೊತೆಗೆ ಹೊತ್ತೊಯ್ಯುತ್ತದೆ. ಬಿಸಿ ಜಾಸ್ತಿಯಾದಂತೆ ಪಟ್ಟಿ ಮಸುಕಾಗಿ, 3000 ಕೆಲ್ವಿನ್ ಹತ್ತಿರ ಪೂರ್ತಿ ಹೋಯಿತು. ಆ ಬೆಳಕನ್ನು ಯಾರೂ ಹಿಡಿದು ನೋಡಲಿಲ್ಲ, ಅದು ಗೋಡೆಗೆ ಬಡಿದು ಮುಗಿಯಿತು. ದಾರಿಯ ಗುರುತು ಹೊರಗೆ ಸೋರಿದರೆ ಸಾಕು, ಪಟ್ಟಿ ಹೋಗುತ್ತದೆ. ಮತ್ತೆ, ಪಟ್ಟಿ ಇದೆ ಇಲ್ಲ ಅಂತ ಎರಡೇ ಸ್ಥಿತಿ ಅಲ್ಲ, ಎಷ್ಟು ಸೋರಿತೋ ಅಷ್ಟು ಮಸುಕು.

ತುಂಗಾ ತೀರ: ಹಾಗಾದರೆ ನಮ್ಮ ಮನಸ್ಸು ವಾಸ್ತವವನ್ನು ಸೃಷ್ಟಿ ಮಾಡುತ್ತೆ ಅನ್ನೋದು?

ಮೇಡಂ: ಈಗ ತಾನೇ ಬರೆದೆ. ಓದಿ.

ತುಂಗಾ ತೀರ: ಓದಿದೆ ಮೇಡಂ, ಆದರೆ ಕ್ವಾಂಟಂ ವಿಜ್ಞಾನಿ ಶ್ರೋಡಿಂಗರ್ ಉಪನಿಷತ್ತು ಓದಿಯೇ ತಮ್ಮ ಅಲೆ ಸಮೀಕರಣ ಬರೆದಿದ್ದು ಅಲ್ವಾ?

ದಾವಣಗೆರೆ ಬೆಣ್ಣೆ: ಬಂತು ನೋಡಿ. ಎಲ್ಲಾ ನಮ್ಮಲ್ಲೇ ಇತ್ತು, ಫ್ಯಾನ್ ರೆಗ್ಯುಲೇಟರ್ ಒಂದು ಬಿಟ್ಟು.

ತುಂಗಾ ತೀರ: ನಿಮ್ಮಂಥವರಿಂದಲೇ ಈ ದೇಶ ಹೀಗಿರೋದು.

ದಾವಣಗೆರೆ ಬೆಣ್ಣೆ: ಐನ್‌ಸ್ಟೈನ್‌ಗೆ ಸಾಪೇಕ್ಷತೆಗೆ ನೊಬೆಲ್ ಬಂತು ಅಂತ ಹೋದ ವಾರ ಬರೆದವರು ನೀವೇ ಅಲ್ವಾ? ಬಂದಿದ್ದು ಮುಖ್ಯವಾಗಿ ದ್ಯುತಿ ವಿದ್ಯುತ್ ಪರಿಣಾಮಕ್ಕೆ.

ಮೇಡಂ: ಶ್ರೋಡಿಂಗರ್ ವೇದಾಂತ ಓದಿದ್ದರು, ಪ್ರೀತಿಯಿಂದ ಬರೆದಿದ್ದಾರೆ ಕೂಡ. 1926ರ ಸಮೀಕರಣ ಬಂದಿದ್ದು ಡಿ ಬ್ರಾಗ್ಲಿ ಅಲೆ ಮತ್ತು ಹಳೆಯ ಗಣಿತಜ್ಞ ಹ್ಯಾಮಿಲ್ಟನ್ ಅವರ ಗಣಿತದಿಂದ. ಮುಂದಿನ ಪ್ರಶ್ನೆ.

ಹಾಸನದ ಸೊಸೆ: ಮೇಡಂ, ಇದು ಇಲ್ಲಿ ಕೇಳಬಹುದೋ ಇಲ್ವೋ. ಅತ್ತೆಗೆ ಮಂಡಿ ನೋವು. ಪರಿಚಯದವರು 'ಕ್ವಾಂಟಂ ಪೆಂಡೆಂಟ್' ಅಂತ ಕರಿ ಬಿಲ್ಲೆ ಕೊಟ್ಟಿದ್ದಾರೆ, ನೆಗೆಟಿವ್ ಅಯಾನ್ ಬರುತ್ತಂತೆ. ಹಗಲೆಲ್ಲ ಕೊರಳಲ್ಲಿರುತ್ತೆ. ರಾತ್ರಿ ಕುಡಿಯುವ ನೀರಿನ ಜಗ್‌ಗೆ ಹಾಕಿ ಬೆಳಗ್ಗೆ ಆ ನೀರು ಕುಡೀತಾರೆ, ಮಗಳಿಗೂ ಕೊಡ್ತಾರೆ. ಅಂಚಲ್ಲಿ ಸ್ವಲ್ಪ ಚೂರು ಎದ್ದಿದೆ.

ಮೇಡಂ: ಆ ನೀರು ಇವತ್ತೇ ನಿಲ್ಲಿಸಿ. ಮಿಕ್ಕಿದ್ದು ಆಮೇಲೆ ಓದಿ.

ಇದರಲ್ಲಿ ಕ್ವಾಂಟಂ ಏನೂ ಇಲ್ಲ. ಆದರೆ ಅಯಾನ್ (ವಿದ್ಯುದಾವೇಶ ಇರುವ ಕಣ) ವಿಷಯ ಕೆಲವು ಬಿಲ್ಲೆಗಳಲ್ಲಿ ಪೂರ್ತಿ ಸುಳ್ಳಲ್ಲ, ನನಗೆ ಭಯ ಅದಕ್ಕೇ. ಕರೆಂಟಿಲ್ಲ, ಬ್ಯಾಟರಿ ಇಲ್ಲ, ಒಂದು ಬಿಲ್ಲೆ ವರ್ಷಗಟ್ಟಲೆ ಗಾಳಿಯನ್ನು ಅಯಾನು ಮಾಡುತ್ತದೆ ಅಂದರೆ ಆ ಶಕ್ತಿ ಎಲ್ಲಿಂದ? ಇಂಥ ಹಲವು ವಸ್ತುಗಳಲ್ಲಿ ವಿಕಿರಣ ಸೂಸುವ ಥೋರಿಯಂ, ಯುರೇನಿಯಂ ಇರುವ ಖನಿಜದ ಪುಡಿ ಸಿಕ್ಕಿದೆ. 2021ರ ಡಿಸೆಂಬರ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ವಿಕಿರಣ ಸುರಕ್ಷತಾ ಸಂಸ್ಥೆ ಪೆಂಡೆಂಟ್, ಬಳೆ, ನಿದ್ದೆಯ ಕಣ್ಪಟ್ಟಿ ಸೇರಿ ಇಂಥ 10 ವಸ್ತುಗಳನ್ನು ಹೆಸರಿಸಿ, ಹಾಕಬೇಡಿ ಅಂತ ಎಚ್ಚರಿಸಿತು.

ಥೋರಿಯಂ ಸೂಸುವ ಆಲ್ಫಾ ಕಣ ಚರ್ಮದ ಸತ್ತ ಪದರವನ್ನೂ ದಾಟುವುದಿಲ್ಲ. ಆದರೆ ಥೋರಿಯಂ ಒಡೆದು ಹುಟ್ಟುವ ಧಾತುಗಳಿಂದ ಚರ್ಮ ದಾಟಬಲ್ಲ ಬೀಟಾ, ಗಾಮಾ ವಿಕಿರಣ ಬರುತ್ತದೆ. ವರ್ಷಗಟ್ಟಲೆ ಒಂದೇ ಜಾಗಕ್ಕೆ ಅಂಟಿಕೊಂಡಿರುವ ಬಿಲ್ಲೆಗೆ ಅದು ಲೆಕ್ಕಕ್ಕೆ ಬರುತ್ತದೆ. ಥೋರಿಯಂ ನೀರಿನಲ್ಲಿ ಸುಲಭಕ್ಕೆ ಕರಗಲ್ಲ, ಆದರೆ ಚೂರು ಎದ್ದಿದೆ ಅಂದಿರಲ್ಲ, ಆ ಪುಡಿ ಹೊಟ್ಟೆಗೆ ಹೋದರೆ ಆಲ್ಫಾ ತಡೆಯಲು ಸತ್ತ ಚರ್ಮ ಅಲ್ಲಿರುವುದಿಲ್ಲ. ನಿಮ್ಮ ಬಿಲ್ಲೆ ಬರೀ ಗಾಜೂ ಇರಬಹುದು. ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ, ವಿಕಿರಣ ಅಳೆಯುವ ಮೀಟರ್ ಬೇಕು. ಅಲ್ಲಿವರೆಗೆ ಪ್ಲಾಸ್ಟಿಕ್ ಕವರ್‌ಗೆ ಹಾಕಿ, ಮುಚ್ಚಳದ ಡಬ್ಬಿಯಲ್ಲಿ, ಯಾರೂ ಮಲಗದ ಕೋಣೆಯಲ್ಲಿಡಿ. ಒಡೆಯಬೇಡಿ, ಉಜ್ಜಬೇಡಿ, ಕಸಕ್ಕೂ ಹಾಕಬೇಡಿ. ಮುಂಬೈನ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಬರೆದು ಕೇಳಿ. ಗಾಬರಿ ಬೇಡ, ಆದರೆ ಮಗುವಿನ ವಿಷಯ ಡಾಕ್ಟರಿಗೆ ಹೇಳಿ. ಅತ್ತೆಯ ಮಂಡಿಯನ್ನು ಮೂಳೆ ಡಾಕ್ಟರಿಗೆ ತೋರಿಸಿ.

ವೆಲ್‌ನೆಸ್ ಕೋಚ್: ಸುಮ್ನೆ ಹೆದರಿಸಬೇಡಿ ಮೇಡಂ. ನಮ್ಮ ಪ್ರಾಡಕ್ಟ್‌ಗೆ ಸರ್ಟಿಫಿಕೇಟ್ ಇದೆ. ಕೈ ಚಾಚಿಸಿ ಒತ್ತಿ ನೋಡಿ, ಪೆಂಡೆಂಟ್ ಹಾಕಿದ ಮೇಲೆ ಶಕ್ತಿ ಎಷ್ಟು ಜಾಸ್ತಿ ಅಂತ ತಿಳಿಯುತ್ತೆ.

ಮೇಡಂ: ಯಾರ ಸರ್ಟಿಫಿಕೇಟ್? ವಿಕಿರಣ ಅಳೆದ ವರದಿ ಇದ್ದರೆ ಫೋಟೋ ಹಾಕಿ. ಎರಡನೇ ಸಲ ಒತ್ತುವಾಗ ಕೋನ ಸ್ವಲ್ಪ ಬದಲಿಸಿದರೆ ಯಾರ ಕೈ ಬೇಕಾದರೂ ನಿಲ್ಲುತ್ತದೆ. ಅದು ನ್ಯೂಟನ್ ಕಾಲದ ಭೌತಶಾಸ್ತ್ರ.

ವೆಲ್‌ನೆಸ್ ಕೋಚ್: ನಂಬಿಕೆ ಇಲ್ಲದವರಿಗೆ ಕೆಲಸ ಮಾಡಲ್ಲ.

ದಾವಣಗೆರೆ ಬೆಣ್ಣೆ: ಥೋರಿಯಂ ನಂಬಿಕೆ ಕೇಳಿಕೊಂಡು ಕೆಲಸ ಮಾಡಲ್ಲ ಸ್ವಾಮಿ.

ತುಂಗಾ ತೀರ: ನೀವು ಪ್ರತಿಯೊಂದಕ್ಕೂ ಯಾಕ್ರೀ ಬಾಯಿ ಹಾಕೋದು?



ಬ್ಯಾಂಕ್ ರಿಟೈರ್ಡ್: (ಫಾರ್ವರ್ಡ್) ತಾಮ್ರದ ಚೊಂಬಿನ ಕ್ವಾಂಟಂ ನೀರು, ಸಕ್ಕರೆ ಕಾಯಿಲೆಗೆ ರಾಮಬಾಣ, 10 ಜನರಿಗೆ ಕಳಿಸಿ.

ಮೇಡಂ: ನೀವೂನಾ ಸರ್? ಮಾತ್ರೆ ನಿಲ್ಲಿಸಿ ಇದನ್ನು ಕುಡಿದರೆ ಆಸ್ಪತ್ರೆ ಸೇರುತ್ತಾರೆ. ಅಳಿಸಿ.

ಬ್ಯಾಂಕ್ ರಿಟೈರ್ಡ್: ಸುಮ್ನೆ ಮಾಹಿತಿಗೆ ಅಂತ ಹಾಕಿದ್ದು. ಇಷ್ಟು ಕೋಪ ಯಾಕೆ?

ಸೆಕೆಂಡ್ ಪಿಯು ಪಿಸಿಎಂಬಿ: ಮೇಡಂ, ಆ ಸಿ-70 ಅಣುಗಳನ್ನು ನಿರ್ವಾತದಲ್ಲೇ ಬಿಡಬೇಕಾ? ಗಾಳಿ ಇದ್ದರೆ ಏನಾಗುತ್ತೆ?

ಮೇಡಂ: ಹೌದು, ನಿರ್ವಾತದಲ್ಲೇ. ಗಾಳಿಯ ಅಣು ಬಡಿದರೂ ದಾರಿಯ ಗುರುತು ಸೋರುತ್ತದೆ, ಪಟ್ಟಿ ಹೋಗುತ್ತದೆ. ವಿಯೆನ್ನಾದವರೇ ಒಳಗೆ ಸ್ವಲ್ಪ ಸ್ವಲ್ಪ ಅನಿಲ ಬಿಟ್ಟು ಇದನ್ನೂ ಅಳೆದಿದ್ದಾರೆ.

ಹಾಸನದ ಸೊಸೆ: ಮೇಡಂ, ಬಿಲ್ಲೆ ಡಬ್ಬಿಗೆ ಹಾಕಿದೆ. ಅತ್ತೆ ಮಾತು ಬಿಟ್ಟಿದ್ದಾರೆ.

ವೆಲ್‌ನೆಸ್ ಕೋಚ್ ಗುಂಪು ತೊರೆದಿದ್ದಾರೆ.