ಒಪೆರಾ ಹೌಸ್‌ನಲ್ಲಿ ಎಲ್ಲಿ ಕೂತರೆ ಚೆನ್ನಾಗಿ ಕೇಳಿಸುತ್ತೆ?

ಪ್ರಶ್ನೆ: ಸರ್, ನಮಸ್ಕಾರ. ಮೊದಲ ಸಲ ಒಪೆರಾಗೆ ಹೋಗ್ತಿದ್ದೀನಿ. ಸೀಟು ಆರಿಸೋಕೆ ಕೂತರೆ ಕುದುರೆ ಲಾಳದ ಆಕಾರದ ನಕ್ಷೆ ಕಾಣ್ತಿದೆ. ನೆಲಮಟ್ಟದ ಮುಂದಿನ ಸಾಲುಗಳೇ ಎಲ್ಲಕ್ಕಿಂತ ದುಬಾರಿ. ಅಲ್ಲಿ ಕೂತರೆ ಹಾಡೂ ಚೆನ್ನಾಗಿ ಕೇಳಿಸುತ್ತಾ? ನನಗೆ ನೋಡೋದಕ್ಕಿಂತ ಕೇಳೋದೇ ಮುಖ್ಯ.

ಉತ್ತರ: ನಮಸ್ಕಾರ. ಸಭಾಂಗಣಗಳಲ್ಲಿ ದನಿ ಹೇಗೆ ಹರಡುತ್ತೆ ಅಂತ ಅಳೆದು ಸರಿಪಡಿಸೋದೇ ನನ್ನ ಕೆಲಸ. ಕೇಳೋದೇ ಮುಖ್ಯ ಅಂದ್ರೆ ಮುಂದಿನ ಸಾಲುಗಳನ್ನ ಧೈರ್ಯವಾಗಿ ಬಿಟ್ಟುಬಿಡಿ. ಆ ದುಡ್ಡು ಗಾಯಕರ ಮುಖ ಹತ್ತಿರದಿಂದ ಕಾಣೋದಕ್ಕೆ.

ಒಪೆರಾದಲ್ಲಿ ಸಾಮಾನ್ಯವಾಗಿ ಮೈಕ್ ಇರಲ್ಲ. ವೇದಿಕೆಗೂ ನಿಮಗೂ ನಡುವೆ ತಗ್ಗಿನಲ್ಲಿ, ಅಂದ್ರೆ ಪಿಟ್‌ನಲ್ಲಿ, ವಾದ್ಯದವರು ಕೂತಿರ್ತಾರೆ. ತೀರಾ ಮುಂದೆ ಕೂತವರಿಗೆ ಪಿಟ್‌ನ ಗೋಡೆ ಕೆಲವು ವಾದ್ಯಗಳಿಗೆ ಅಡ್ಡ ಬರುತ್ತೆ, ಕೆಲವು ಮಾತ್ರ ಎದ್ದು ಕೇಳಿಸುತ್ತೆ. ಎಲ್ಲಾ ಬೆರೆತು ಒಂದಾಗೋಕೆ ಒಂದಿಷ್ಟು ದೂರ ಬೇಕು. ನೆಲಮಟ್ಟದಲ್ಲಿ ಇನ್ನೊಂದು ತೊಂದರೆ ಇದೆ. ದನಿ ಸಾಲುಸಾಲು ಕುರ್ಚಿ, ತಲೆಗಳ ಮೇಲೆ ಸವರಿಕೊಂಡು ಬರುವಾಗ 100ರಿಂದ 300 ಹರ್ಟ್ಜ್ (ಅಂದ್ರೆ ಸೆಕೆಂಡಿಗೆ ಅಷ್ಟು ಕಂಪನ) ಆಸುಪಾಸಿನ ತಗ್ಗು ಸ್ವರಗಳು ಸೊರಗುತ್ತವೆ. ಮೇಲಿನ ಅಂತಸ್ತಿನಲ್ಲಿ ಕೂತವರಿಗೆ ದನಿ ಈ ತಲೆಗಳ ಗೊಡವೆಯಿಲ್ಲದೆ ನೇರವಾಗಿ ಏರಿ ಬರುತ್ತೆ.

ಪ್ರಶ್ನೆ: ಹಾಗಾದ್ರೆ ನೆಲಮಟ್ಟದಲ್ಲೇ ತುಸು ಹಿಂದೆ, ಬಾಲ್ಕನಿ ಕೆಳಗಿನ ಸೀಟು ತಗೊಂಡ್ರೆ? ಬೆಲೆನೂ ಕಮ್ಮಿ ಇದೆ.

ಉತ್ತರ: ದಯವಿಟ್ಟು ಬೇಡ. ನಾನು ಎಲ್ಲಕ್ಕಿಂತ ಗಟ್ಟಿಯಾಗಿ ಬೇಡ ಅನ್ನೋದು ಈ ಜಾಗಕ್ಕೇ.

ಒಮ್ಮೆ ತಾಲೀಮಿನ ಹೊತ್ತಲ್ಲಿ ಖಾಲಿ ಸಭಾಂಗಣದಲ್ಲಿ ಹೀಗೆ ಬಾಲ್ಕನಿಯ ಅಡಿ ಕೊನೇ ಸಾಲಲ್ಲಿ ಕೂತಿದ್ದೆ. ಗಾಯಕಿಯ ದನಿ ಪಕ್ಕದ ಕೋಣೆಯಿಂದ ಬಂದ ಹಾಗಿತ್ತು. ಪದಗಳು ತಿಳೀತಿದ್ದವು, ಮೈತುಂಬಿದ ದನಿ ಇರಲಿಲ್ಲ. ಅವರು ಅದೇ ಸಾಲನ್ನ ಮತ್ತೆ ಮತ್ತೆ ಹಾಡ್ತಿದ್ರು, ನಾನು ಒಂದೊಂದೇ ಸಾಲು ಮುಂದಕ್ಕೆ ಬಂದೆ. ಬಾಲ್ಕನಿಯ ಅಂಚು ದಾಟಿ ತಲೆ ಮೇಲೆ ಚಾವಣಿ ಕಂಡಿದ್ದೇ ತಡ, ವಯಲಿನ್‌ಗಳು ಅರಳಿದವು. ನಡೆದದ್ದು ನಾಲ್ಕೇ ಹೆಜ್ಜೆ.

ಕಾರಣ ಇಷ್ಟೇ. ನಾವು ಕೇಳೋದು ವೇದಿಕೆಯಿಂದ ನೇರ ಬಂದ ದನಿಯನ್ನ ಮಾತ್ರ ಅಲ್ಲ. ಚಾವಣಿಗೆ, ಗೋಡೆಗೆ ತಾಗಿ ಬಂದದ್ದೂ ಅದಕ್ಕೆ ಸೇರುತ್ತೆ. ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತೆ. ನೇರ ದಾರಿಗಿಂತ 17 ಮೀಟರ್ ಹೆಚ್ಚು ಸುತ್ತಿ ಬಂದದ್ದು ಸೆಕೆಂಡಿನ 20ರಲ್ಲಿ ಒಂದು ಭಾಗ ತಡವಾಗಿ ತಲುಪುತ್ತೆ. ಅಷ್ಟು ಬೇಗ ಬಂದರೆ ಕಿವಿ ಅದನ್ನ ಬೇರೆ ದನಿ ಅಂತ ಎಣಿಸಲ್ಲ, ಮೂಲದ ದನಿಗೇ ಸೇರಿಸಿಕೊಂಡು ಬಲ ಕೊಡುತ್ತೆ. ಬಾಲ್ಕನಿ ಅಡಿಯಲ್ಲಿ ಈ ಬೆಂಬಲವೇ ಕಡಿದುಹೋಗುತ್ತೆ. ಅದಕ್ಕೇ ನಾನು ಯಾವ ಸಭಾಂಗಣಕ್ಕೆ ಹೋದರೂ ಮೊದಲು ಕತ್ತೆತ್ತಿ ನೋಡ್ತೀನಿ, ಸೀಟಿನಿಂದ ನಡುಚಾವಣಿ ಕಾಣುತ್ತಾ ಅಂತ.

ಇನ್ನೊಬ್ಬ ಮಹಿಳೆಯ ಪ್ರಶ್ನೆ: ಮೈಕೇ ಇಲ್ಲ ಅಂದ್ರೆ ಮೇಲಿನ ಅಂತಸ್ತಿನವರೆಗೂ ಒಬ್ಬರ ದನಿ ಹೇಗೆ ಮುಟ್ಟುತ್ತೆ ಸರ್? ಕೆಳಗೆ ಅಷ್ಟೊಂದು ವಾದ್ಯಗಳಿವೆಯಲ್ಲ!

ಉತ್ತರ: ಒಳ್ಳೇ ಪ್ರಶ್ನೆ ಮೇಡಂ. ವಾದ್ಯವೃಂದದ ಬಲ ಹೆಚ್ಚಿರೋದು ಸುಮಾರು 500 ಹರ್ಟ್ಜ್ ಸುತ್ತ, ಅಲ್ಲಿಂದ ಮೇಲಕ್ಕೆ ಹೋದಂತೆ ಇಳಿಯುತ್ತೆ. ಪಳಗಿದ ಗಾಯಕರು, ಅದರಲ್ಲೂ ಗಂಡಸರು, ಗಂಟಲನ್ನ ಹದ ಮಾಡಿಕೊಂಡು 3,000 ಹರ್ಟ್ಜ್ ಆಸುಪಾಸಿನಲ್ಲಿ ದನಿಗೆ ಒಂದು ಹೊಳಪು ತರ್ತಾರೆ. ವಾದ್ಯಗಳು ಸೊರಗಿದ, ನಮ್ಮ ಕಿವಿ ಬಹಳ ಚುರುಕಾಗಿರೋ ಜಾಗ ಅದು. ಅಲ್ಲಿಂದಲೇ ದನಿ ನುಗ್ಗಿ ಬರುತ್ತೆ. ವರ್ಷಗಟ್ಟಲೆ ಸಾಧನೆಯ ಫಲ ಅದು, ಕೇಳಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತೆ.

ಆದರೆ ಈ ಹೊಳಪು ಬಾಯಿ ತಿರುಗಿದ ಕಡೆಗೇ ಹೆಚ್ಚು ಹೋಗುತ್ತೆ. ತೀರಾ ಬದಿಯಲ್ಲಿ ಕೂತರೆ ಗಾಯಕರು ಇನ್ನೊಂದು ಬದಿಗೆ ಮುಖ ಮಾಡಿದ ಕೂಡಲೇ ದನಿ ಮಂಕಾಗುತ್ತೆ. ಹಾಗಾಗಿ ಯಾವ ಅಂತಸ್ತಾದರೂ ನಡುಭಾಗವೇ ಲೇಸು.

ಪ್ರಶ್ನೆ: ಬಾಕ್ಸ್ ಸೀಟು ಹೇಗೆ?

ಉತ್ತರ: ಬಾಕ್ಸ್ ಅಂದ್ರೆ ಕೆಲವೇ ಕುರ್ಚಿಗಳ ಪುಟ್ಟ ಕೋಣೆ, ಅದರ ಮುಂದಿನ ಕುರ್ಚಿ ಸಿಕ್ಕರೆ ತಗೊಳ್ಳಿ. ಹಿಂದಿನದು ಬೇಡ, ಮಖಮಲ್ಲಿನ ಪರದೆ, ಮೆತ್ತೆಗಳು ದನಿಯನ್ನ ಹೀರಿಬಿಡುತ್ತವೆ.

ತೀರಾ ಮೇಲೆ ಕೂರೋಕೆ ಹಿಂಜರಿಯಬೇಡಿ. 1778ರಲ್ಲಿ ತೆರೆದ ಮಿಲಾನ್‌ನ ಲಾ ಸ್ಕಾಲಾದಲ್ಲಿ ಒಂದು ಸ್ವರ ತಪ್ಪಿದರೂ ಬಿಡದ ಕೇಳುಗರು ಸೇರೋದು ತುದಿಯ ಗ್ಯಾಲರಿಯಲ್ಲೇ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದ ಈಗಿನ ಕಟ್ಟಡ 1966ರದ್ದು, ಸುಮಾರು 3,800 ಸೀಟು. ಅಷ್ಟು ದೊಡ್ಡದರಲ್ಲೂ ಕೊನೇ ಅಂತಸ್ತಿನ ದನಿಯನ್ನ ಮೆಚ್ಚಿ ಅಲ್ಲೇ ಕೂರೋ ರಸಿಕರಿದ್ದಾರೆ. ಜರ್ಮನಿಯ ಬೈರಾಯ್ಟ್‌ನದು ಬೇರೆಯೇ ಲೆಕ್ಕ. 1876ರಲ್ಲಿ ತೆರೆದ ಆ ರಂಗಮಂದಿರದಲ್ಲಿ ಪಿಟ್ಟಿಗೆ ಮುಚ್ಚಿಗೆ ಇದೆ. ವಾದ್ಯಗಳ ದನಿ ಮೊದಲು ವೇದಿಕೆ ಕಡೆ ಹೊರಳಿ, ಹಾಡಿನ ಜೊತೆ ಬೆರೆತು ಆಮೇಲೆ ನಮ್ಮತ್ತ ಬರುತ್ತೆ.

ಪ್ರಶ್ನೆ: ಸರ್, ಮೂರನೇ ಅಂತಸ್ತಿನ ನಡುವೆ ಎರಡನೇ ಸಾಲು ಸಿಕ್ಕಿದೆ! ಮೇಲೆ ಇನ್ನೊಂದು ಬಾಲ್ಕನಿ ಇದೆ, ಆದರೆ ಫೋಟೊದಲ್ಲಿ ಚಾವಣಿ ಕಾಣ್ತಿದೆ. 'ಮುಂದಿನ ಕಂಬಿಯಿಂದ ನೋಟಕ್ಕೆ ಅಡ್ಡಿ' ಅಂತ ಬರೆದಿದ್ದಾರೆ. ತಗೊಳ್ಳಲಾ?

ಉತ್ತರ: ಕಣ್ಣುಮುಚ್ಚಿ ತಗೊಳ್ಳಿ. ಆ ತೆಳ್ಳಗಿನ ಕಂಬಿ ಕಣ್ಣಿಗೆ ಅಡ್ಡಿ, ದನಿ ಅದನ್ನ ಬಳಸಿಕೊಂಡು ಬರುತ್ತೆ. ನೋಡೋಕೆ ಅಂತ ಮುಂದಕ್ಕೆ ಮಾತ್ರ ಬಾಗಬೇಡಿ, ನಿಮ್ಮ ಹಿಂದೆ ಕೂತವರಿಗೆ ವೇದಿಕೆಯೇ ಮರೆಯಾಗುತ್ತೆ.