ಓದದ ಮೇಲ್ 14 ಸಾವಿರ: ಫಿಲ್ಟರ್ ಹಾಕಿದ್ರೂ ಕ್ಲೈಂಟ್ ಮೇಲ್ ಕಣ್ತಪ್ಪುತ್ತಿದೆ, ಸಹಾಯ ಬೇಕು

ಮಲ್ಲೇಶ್ವರ_ಟ್ಯಾಕ್ಸ್:
ನಮಸ್ಕಾರ. ಮಲ್ಲೇಶ್ವರದಲ್ಲಿ ಚಿಕ್ಕ ಟ್ಯಾಕ್ಸ್ ಆಫೀಸ್ ನಂದು. ನಾನು, ಜೊತೆಗೆ ಒಬ್ಬ ಹುಡುಗಿ, ಅಷ್ಟೆ. ಎಲ್ಲ ಕೆಲಸವೂ ಒಂದೇ ಜಿಮೇಲ್ ಐಡಿಯಲ್ಲಿ. ಹೋದ ತಿಂಗಳು 17ಕ್ಕೆ ಒಬ್ಬ ಕ್ಲೈಂಟ್ ಖರೀದಿ ಬಿಲ್ ಕಳಿಸಿದ್ರು, ನನ್ನ ಕಣ್ಣಿಗೆ ಬಿದ್ದಿದ್ದು 23ಕ್ಕೆ. 20ಕ್ಕೆ ಹಾಕಬೇಕಿದ್ದ ಅವರ ಜಿಎಸ್‌ಟಿ ರಿಟರ್ನ್ (3ಬಿ) ತಡವಾಯ್ತು. ದಿನಕ್ಕೆ 50 ರೂಪಾಯಿ ಲೇಟ್ ಫೀ, ಮೇಲೆ ಬಡ್ಡಿ. ನಾನೇ ಕೈಯಿಂದ ಕಟ್ಟಿದೆ. ಅವರು "ಪರವಾಗಿಲ್ಲ ಬಿಡಿ ಮೇಡಂ" ಅಂದ್ರು. ಬೈದಿದ್ರೆ ಇಷ್ಟು ನೋವಾಗ್ತಿರಲಿಲ್ಲ.

ಬ್ಯಾಂಕ್ ಆಫರ್, ಷೇರು ಮೇಲ್‌ಗಳಿಗೆಲ್ಲ ಫಿಲ್ಟರ್ ಹಾಕಿದ್ದೀನಿ. ಬಣ್ಣಬಣ್ಣದ ಲೇಬಲ್ ಬಂತೇ ಹೊರತು ಎಲ್ಲ ಇನ್‌ಬಾಕ್ಸ್‌ನಲ್ಲೇ ಕೂತಿವೆ. ಫೋನ್ ಟಿಂಗ್ ಅಂದಾಗೆಲ್ಲ ಎತ್ತಿ ನೋಡ್ತೀನಿ, ವಾಪಸ್ ಬಂದಾಗ ಲೆಡ್ಜರ್‌ನಲ್ಲಿ ಯಾವ ಸಾಲಲ್ಲಿದ್ದೆ ಅನ್ನೋದೇ ಮರೆತಿರುತ್ತೆ. ಈಗ ಸ್ಟೋರೇಜ್ ಬೇರೆ ತುಂಬ್ತಾ ಬಂದಿದೆ. ನೂರಾರು ದೊಡ್ಡ ಮೇಲ್ ಅಳಿಸಿದ್ರೂ ಒಂದಿಷ್ಟೂ ಜಾಗ ಆಗಿಲ್ಲ. ಹೊಸ ಐಡಿ ಮಾಡ್ಕೊಂಡುಬಿಡಲಾ?

ರಾಜಾಜಿನಗರ_ಸಿಸ್ಟಂ:
ಹೊಸ ಐಡಿ ಬೇಡ ಮೇಡಂ. ತೆರಿಗೆ ಪೋರ್ಟಲ್‌ಗಳಲ್ಲಿ ಕೊಟ್ಟಿರೋದು ಈ ಐಡಿ, ನೋಟಿಸ್ ಇಲ್ಲಿಗೇ ಬರುತ್ತೆ.

ಮೊದಲು ಜಾಗದ ವಿಷಯ, ಯಾಕಂದ್ರೆ ಪೂರ್ತಿ ತುಂಬಿದ್ರೆ ಹೊಸ ಮೇಲ್ ಬರೋದೇ ನಿಂತುಹೋಗುತ್ತೆ. ಉಚಿತ 15 ಜಿಬಿ ಅನ್ನೋದು ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. ಅಳಿಸಿದ ಮೇಲ್ 30 ದಿನ ಬಿನ್‌ನಲ್ಲೇ ಇರುತ್ತೆ, ಅಲ್ಲಿವರೆಗೂ ಲೆಕ್ಕಕ್ಕೆ ಸೇರುತ್ತೆ. ಬಿನ್ ಖಾಲಿ ಮಾಡಿ. ಆದ್ರೆ ಮಾಡೋಕೆ ಮುಂಚೆ ಕ್ಲೈಂಟ್‌ಗಳ ಹೆಸರು ಹಾಕಿ ಅದರೊಳಗೆ ಹುಡುಕಿ. ಆಮೇಲೆ ವಾಪಸ್ ತರೋಕಾಗಲ್ಲ.

ಲೇಬಲ್ ಅಂದ್ರೆ ಬರೀ ಚೀಟಿ ಅಂಟಿಸಿದ ಹಾಗೆ, ಮೇಲ್ ಇದ್ದಲ್ಲೇ ಇರುತ್ತೆ. ಕಂಪ್ಯೂಟರ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಅದೇ ಫಿಲ್ಟರ್ ಎಡಿಟ್ ಮಾಡಿ, 'ಸ್ಕಿಪ್ ದಿ ಇನ್‌ಬಾಕ್ಸ್' ಅನ್ನೋದಕ್ಕೆ ಗುರುತು ಹಾಕಿ. ಫೋನ್ ಆ್ಯಪ್‌ನಲ್ಲಿ ಇದು ಸಿಗಲ್ಲ. ಹಳೇ ಮೇಲ್‌ಗೂ ಅನ್ವಯಿಸೋ ಆಯ್ಕೆ ಕೆಳಗೇ ಇದೆ, ಅದನ್ನೂ ಒತ್ತಿ. ಒಂದೇ ಎಚ್ಚರ: ಫಿಲ್ಟರ್‌ಗೆ ಕಳಿಸಿದವರ ವಿಳಾಸ ಕೊಡಿ, ಪದ ಕೊಡಬೇಡಿ. 'ಆಫರ್' ಅಂತ ಕೊಟ್ಟರೆ ಆ ಪದ ಬರೆದ ಕ್ಲೈಂಟ್ ಮೇಲ್ ಕೂಡ ಮರೆಯಾಗುತ್ತೆ.

ಆ 14 ಸಾವಿರ ಓದೋಕೆ ಕೂರಬೇಡಿ. ಎರಡು ತಿಂಗಳಿಗಿಂತ ಹಳೇದನ್ನೆಲ್ಲ ತಾರೀಖು ಕೊಟ್ಟು ಹುಡುಕಿ, ಮೇಲಿನ ಚೌಕ ಒತ್ತಿ. ಅದು ಆ ಪುಟದಲ್ಲಿ ಇರೋದನ್ನಷ್ಟೇ ಹಿಡಿಯುತ್ತೆ. ಆಗ ಎಲ್ಲವನ್ನೂ ಆರಿಸೋ ಸಾಲು ಬರುತ್ತೆ, ಅದನ್ನೂ ಒತ್ತಿ ಆರ್ಕೈವ್ ಮಾಡಿ. ಇನ್‌ಬಾಕ್ಸ್‌ನಿಂದ ಆಚೆ ಹೋಗುತ್ತೆ ಅಷ್ಟೆ, ಏನೂ ಅಳಿಯಲ್ಲ, ಹುಡುಕಿದ್ರೆ ಸಿಗುತ್ತೆ. ಉಳಿದ ಎರಡು ತಿಂಗಳದ್ದು ಮಾತ್ರ ಕಣ್ಣಾರೆ ನೋಡಿ.

ಜಯನಗರ_ಪ್ರೂಫ್:
ಮೇಲಿನದ್ದೆಲ್ಲ ಸರಿ. ಆದ್ರೆ ಟಿಂಗ್ ನಿಲ್ಲಿಸದಿದ್ರೆ ನಿಮ್ಮ ಲೆಡ್ಜರ್ ಮುಗಿಯಲ್ಲ. ನಾನು ಕರಡು ತಿದ್ದೋಳು, ಒಂದು ಸಾಲು ಕೈತಪ್ಪಿದ್ರೆ ಅಚ್ಚಾಗಿಯೇ ಬಿಡುತ್ತೆ. ಮೇಲ್ ನೋಟಿಫಿಕೇಶನ್ ಪೂರ್ತಿ ಆಫ್ ಮಾಡಿದ್ದೀನಿ. ಬೆಳಗ್ಗೆ ಹತ್ತೂವರೆ, ಮಧ್ಯಾಹ್ನ ಊಟ ಆದ್ಮೇಲೆ, ಸಂಜೆ ಐದಕ್ಕೆ ಮಾತ್ರ ತೆಗೀತೀನಿ. ನೋಡಿದ್ದಕ್ಕೆ ಅಲ್ಲೇ ಉತ್ತರ, ಆಗದಿದ್ರೆ ಸ್ನೂಜ್ ಮಾಡಿ ಮಾಡೋ ದಿನಕ್ಕೆ ಇಡ್ತೀನಿ. ಅರ್ಜೆಂಟ್ ಇದ್ರೆ ಫೋನ್ ಮಾಡಿ ಅಂತ ಎಲ್ಲರಿಗೂ ಹೇಳಿಟ್ಟಿದ್ದೀನಿ. ಪೂರ್ತಿ ಆಫ್ ಮಾಡೋಕೆ ಭಯ ಆದ್ರೆ, ಕ್ಲೈಂಟ್‌ಗಳ ವಿಳಾಸಕ್ಕೆ ಯಾವಾಗ್ಲೂ ಇಂಪಾರ್ಟೆಂಟ್ ಅನ್ನೋ ಫಿಲ್ಟರ್ ಹಾಕಿ, ಫೋನಿನಲ್ಲಿ 'ಹೈ ಪ್ರಯಾರಿಟಿ ಓನ್ಲಿ' ಇಡಿ. ನಿಮ್ಮ ಕೆಲಸದಲ್ಲಿ ರಿಟರ್ನ್ ಗಡುವು ಬರೋ 10, 11 ಮತ್ತು 19, 20ನೇ ತಾರೀಖಿನ ಹೊತ್ತಿಗೆ ಒಂದು ಸುತ್ತು ಜಾಸ್ತಿ ನೋಡಿದ್ರೆ ಒಳ್ಳೇದು.

ಮಲ್ಲೇಶ್ವರ_ಟ್ಯಾಕ್ಸ್:
ನಾಲ್ಕು ದಿನ ಆಯ್ತು. ಬಿನ್‌ನಲ್ಲಿ ಹುಡುಕಿ ಅಂದಿದ್ದು ಎಷ್ಟು ಒಳ್ಳೇದಾಯ್ತು ಸರ್, ಯಶವಂತಪುರದ ಹಾರ್ಡ್‌ವೇರ್ ಅಂಗಡಿಯವರ ಎರಡು ಬಿಲ್ ಅಲ್ಲಿದ್ವು! ವಾಪಸ್ ತಂದು ಆಮೇಲೆ ಖಾಲಿ ಮಾಡಿದೆ. ಇನ್‌ಬಾಕ್ಸ್‌ನಲ್ಲಿ ಈಗ 61 ಇವೆ. ಮೇಡಂ, ಹೈ ಪ್ರಯಾರಿಟಿ ಇಟ್ಟಿದ್ದೀನಿ, ನಿನ್ನೆ ಎರಡೇ ಸಲ ಟಿಂಗ್ ಅಂತು, ಎರಡೂ ಕ್ಲೈಂಟ್‌ಗಳದ್ದೇ. ಒಂದು ಅನುಮಾನ: ಆರ್ಕೈವ್ ಮಾಡಿದ್ದ ಒಂದು ಹಳೇ ಮೇಲ್ ಇವತ್ತು ತಾನೇ ಮೇಲೆ ಬಂದು ಕೂತಿದೆ. ಏನಾದ್ರೂ ತಪ್ಪಾಯ್ತಾ?

ರಾಜಾಜಿನಗರ_ಸಿಸ್ಟಂ:
ಇಲ್ಲ ಮೇಡಂ. ಅದಕ್ಕೆ ಯಾರೋ ಉತ್ತರ ಬರೆದಿದ್ದಾರೆ, ಆಗ ಇಡೀ ಮಾತುಕತೆ ಇನ್‌ಬಾಕ್ಸ್‌ಗೆ ವಾಪಸ್ ಬರುತ್ತೆ. ತೆಗೆದು ನೋಡಿ.

ಮಲ್ಲೇಶ್ವರ_ಟ್ಯಾಕ್ಸ್:
ಹೌದು ಸರ್. 23ಕ್ಕೆ ನೋಡಿದ್ನಲ್ಲ, ಅದೇ ಕ್ಲೈಂಟು. ಈ ತಿಂಗಳ ಬಿಲ್ ಕಳಿಸಿದ್ದಾರೆ. ಈಗಲೇ ಕೂರ್ತೀನಿ.